ಫೆಲೋಶಿಪ್ ತಡವಾದರೆ ಪ್ರಯೋಗ ಕಾಯುವುದಿಲ್ಲ

ಮಾನ್ಯರೇ,

ಜೀವವೈದ್ಯಕೀಯ ವಿಷಯಗಳಲ್ಲಿ ಪಿಎಚ್.ಡಿ. ಮಾಡುತ್ತಿರುವ ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗೆ ರಾಷ್ಟ್ರೀಯ ಫೆಲೋಶಿಪ್ ಹಣ ತಿಂಗಳುಗಟ್ಟಲೆ ತಡವಾಗಿ ಕೈಸೇರುವುದು ಕಳವಳದ ಸಂಗತಿ. 2023ರ ಜನವರಿಯಿಂದ ಕಿರಿಯ ಸಂಶೋಧಕರ ಮೊತ್ತ ತಿಂಗಳಿಗೆ 31,000ದಿಂದ 37,000 ರೂಪಾಯಿಗೆ ಏರಿದ್ದು ಸರಿ. ಆದರೆ ಮನೆಯಿಂದ ಹಣ ತರಿಸಿಕೊಳ್ಳಲಾಗದವರಿಗೆ ಮೊತ್ತದಷ್ಟೇ ದಿನಾಂಕವೂ ಮುಖ್ಯ.

ವಿಳಂಬಕ್ಕೆ ಒಂದು ಕಾರಣ ವಿಶ್ವವಿದ್ಯಾಲಯದ ಕಚೇರಿಗಳಲ್ಲೇ ಇದೆ. ವಿದ್ಯಾರ್ಥಿ ಸಂಶೋಧನೆ ಮುಂದುವರಿಸಿದ್ದಾರೆಂದು ಸಂಸ್ಥೆ ಪ್ರತಿ ತಿಂಗಳು ಪೋರ್ಟಲ್‌ನಲ್ಲಿ ದೃಢೀಕರಿಸಬೇಕು. ಒಬ್ಬರು ನಮೂದಿಸಿ, ಮತ್ತೊಬ್ಬರು ಒಪ್ಪಬೇಕು. ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೂ ಹಣ ಮುಂದಕ್ಕೆ ಹೋಗುತ್ತದೆ.

ಪ್ರಯೋಗ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಇನ್‌ಕ್ಯುಬೇಟರ್‌ನಲ್ಲಿ 37 ಡಿಗ್ರಿಯಲ್ಲಿ ಬೆಳೆಯುವ ಜೀವಕೋಶಗಳಿಗೆ ಎರಡು-ಮೂರು ದಿನಕ್ಕೊಮ್ಮೆ ಪೋಷಕ ದ್ರಾವಣ ಬದಲಿಸಲೇಬೇಕು. ತಪ್ಪಿದರೆ ಕೆಂಪು ದ್ರಾವಣ ಆಮ್ಲೀಯವಾಗಿ ಹಳದಿಗೆ ತಿರುಗುತ್ತದೆ, ಕೋಶಗಳು ಸಾಯುತ್ತವೆ. ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಟ್ಟ ಕೋಶಗಳ ಹೊಸ ವಯಲ್ (ಪುಟ್ಟ ಸೀಸೆ) ತೆಗೆದು ಮೊದಲಿನಿಂದ ಬೆಳೆಸಬೇಕು. ಬಾಡಿಗೆ ಕಟ್ಟಲು ಸಂಜೆ ಟ್ಯೂಷನ್ ಹೇಳುವವರಿಗೆ ಇದು ಮೇಲಿಂದ ಮೇಲೆ ಆಗುತ್ತದೆ. ಮೊದಲೆರಡು ವರ್ಷ ಸಿಗುವ ವಾರ್ಷಿಕ 12,000 ರೂಪಾಯಿಯ ಸಾದಿಲ್ವಾರು (ಸಂಶೋಧನೆಯ ಇತರ ಖರ್ಚಿನ ಹಣ), ಪೋಷಕ ದ್ರಾವಣಕ್ಕೆ ಬೆರೆಸುವ ಸೀರಂನ 500 ಮಿ.ಲೀ. ಆಮದು ಬಾಟಲಿ ಒಂದಕ್ಕೂ ಸಾಲದು.

ಪ್ರತಿ ವಿಶ್ವವಿದ್ಯಾಲಯವೂ ಆವರ್ತ ನಿಧಿಯೊಂದನ್ನು ಇಟ್ಟುಕೊಂಡು ತಿಂಗಳ ಮೊದಲ ವಾರವೇ ಮುಂಗಡ ಕೊಡಲಿ, ಬಾಕಿ ಬಂದಾಗ ವಸೂಲು ಮಾಡಿಕೊಳ್ಳಲಿ. ಹತ್ತು ವಿದ್ಯಾರ್ಥಿಗಳ ಮೂರು ತಿಂಗಳಿಗೆ 11.10 ಲಕ್ಷ ರೂಪಾಯಿ ಸಾಕು. ದೃಢೀಕರಣಕ್ಕೆ ಬದಲಿ ಸಿಬ್ಬಂದಿಯನ್ನು ಲಿಖಿತವಾಗಿ ನೇಮಿಸಲಿ. ಸಂಶೋಧನಾ ಸಲಹಾ ಸಮಿತಿ ಪ್ರತಿ ಸೆಮಿಸ್ಟರ್ ಸಭೆಯಲ್ಲಿ ಫೆಲೋಶಿಪ್ ಬಾಕಿ ಎಷ್ಟೆಂದು ಕೇಳಿ ನಡಾವಳಿಯಲ್ಲಿ ದಾಖಲಿಸಲಿ.

– ಸಂಶೋಧನಾ ಮಾರ್ಗದರ್ಶಕ, ಧಾರವಾಡ