ಸೀನನಿಗೊಂದು ಪತ್ರ: ಯಾರು ಹೇಳಿದ್ದು?

ಪ್ರೀತಿಯ ಸೀನ,

ಮೊನ್ನೆ ಫೋನಿನಲ್ಲಿ ನೀನು "ಬಿಡೋ ಮಾರಾಯ, ತುರ್ತುಪರಿಸ್ಥಿತಿ ಹೇರಿದ ಇಂದಿರಾ ಗಾಂಧಿಗೆ 77ರಲ್ಲಿ ಜನ ಓಟಿನಲ್ಲೇ ಬುದ್ಧಿ ಕಲಿಸಿದ್ರಲ್ಲ, ಇನ್ನೇನು ಬೇಕು ನಿಂಗೆ?" ಅಂದೆ. ನಾನು ಸಿಟ್ಟಿನಲ್ಲಿ ಏನೇನೋ ಕೂಗಾಡಿ ಫೋನ್ ಇಟ್ಟೆ. ಕೂಗಾಡಿದ್ದು ತಪ್ಪು. ಆದರೆ ನೀನು ಹೇಳಿದ್ದು ಸರಿ ಅಂತ ಈಗಲೂ ಅನ್ನಿಸುತ್ತಿಲ್ಲ. ಯಾಕೆ ಅಂತ ನಿಧಾನವಾಗಿ ಬರೆಯುತ್ತೇನೆ, ಈ ಸಲ ಮಧ್ಯದಲ್ಲಿ ಬಾಯಿ ಹಾಕೋಕೆ ನಿನಗೆ ಅವಕಾಶ ಇಲ್ಲ.

ನಮ್ಮ ಸೋದರಮಾವ ಮೇಷ್ಟ್ರಾಗಿದ್ದರು, ತುರ್ತುಪರಿಸ್ಥಿತಿಯಲ್ಲಿ ಒಳಗೆ ಹೋಗಿ ಬಂದಿದ್ದರು. ಇಷ್ಟು ನಿನಗೆ ಗೊತ್ತು. ಪೂರ್ತಿ ಕತೆ ಹೇಳಿಲ್ಲ. 1975ರ ನವೆಂಬರ್. ಯಾರದೋ ಮನೆಯ ಅಟ್ಟದ ಮೇಲೆ ಕೂತು ರಾತ್ರಿಯೆಲ್ಲ ಕರಪತ್ರ ಸೈಕ್ಲೋಸ್ಟೈಲ್ ಮಾಡಿದ್ದರಂತೆ. ಬೆಳಗ್ಗೆ ಮನೆಗೆ ಬಂದ ಪೊಲೀಸರು ಮೊದಲು ನೋಡಿದ್ದು ಕೈಯನ್ನು. ಉಗುರಿನ ಸಂದಿಯಲ್ಲಿ ಮಸಿ ಇತ್ತು, ಅಷ್ಟೇ ಸಾಕಾಯಿತು. ಸ್ಟೇಷನ್ನಿನಲ್ಲಿ ಎರಡು ರಾತ್ರಿ ಅಂಗಾಲಿಗೆ ಹೊಡೆದರು. ಆಮೇಲೆ ಡಿಐಆರ್, ಅಂದರೆ ಭಾರತ ರಕ್ಷಣಾ ನಿಯಮ, ಹಾಕಿ ನಾಲ್ಕು ತಿಂಗಳು ಜೈಲು. ಬಿಟ್ಟಾಗ ಕೈಗೆ ಒಂದು ಚೀಟಿಯನ್ನೂ ಕೊಡಲಿಲ್ಲ. ಯಾಕೆ ಹಿಡಿದರು, ಯಾಕೆ ಬಿಟ್ಟರು, ಎರಡೂ ಗೊತ್ತಾಗಲಿಲ್ಲ.

ಇಪ್ಪತ್ತು ವರ್ಷ ಆದ ಮೇಲೆ ನೆಂಟರ ಮನೆಯಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ನಾನು ಮಾವನ ಪಕ್ಕ ಕೂತಿದ್ದೆ. ಎದುರು ಸಾಲಿಗೆ ಒಬ್ಬರು ಬಂದು ಕೂತರು. ಬಿಳಿ ಪಂಚೆ, ಹಣೆಗೆ ಗಂಧ, ನೋಡಿದರೆ ದೇವಸ್ಥಾನದ ಧರ್ಮದರ್ಶಿ ಥರ. "ಏನ್ ಮೇಷ್ಟ್ರೇ, ಆರೋಗ್ಯವಾ?" ಅಂದರು. ಮಾವ "ಹೂಂ" ಅಂದು ಎಲೆಗೆ ನೀರು ಚಿಮುಕಿಸಿದರು. ಊಟ ಆಗಿ ಕೈ ತೊಳೆಯುವಲ್ಲಿ ಆ ಮನುಷ್ಯನೇ ಚೊಂಬು ತಗೊಂಡು ಮಾವನ ಕೈಗೆ ನೀರು ಹಾಕಿದರು. ಹಾಕುತ್ತಾ ಮೆಲ್ಲಗೆ ಹೇಳಿದರು, "ಮನಸ್ಸಲ್ಲಿ ಇಟ್ಕೋಬೇಡಿ ಮೇಷ್ಟ್ರೇ. ಹೇಳಿದ್ದು ಮಾಡಿದ್ವಿ ಅಷ್ಟೇ." ಮಾವ ಪಂಚೆಯ ತುದಿಗೆ ಕೈ ಒರೆಸಿಕೊಂಡು ಕೇಳಿದರು, "ಯಾರು ಹೇಳಿದ್ದು?"

ಅಷ್ಟರಲ್ಲಿ ಯಾರೋ ಫೋಟೋಗೆ ಕರೆದರು, ಅವರು ಹೊರಟೇ ಹೋದರು. ಬಸ್ಸಿನಲ್ಲಿ ವಾಪಸ್ ಬರುವಾಗ ಕೇಳಿದ್ದಕ್ಕೆ ಮಾವ, "ಆಗ ಅಲ್ಲಿ ಎಸ್ಸೈ ಆಗಿದ್ದ" ಅಂದರು. ಆಮೇಲೆ ಊರು ಬರೋವರೆಗೂ ಕಿಟಕಿ ಕಡೆ ನೋಡುತ್ತಾ ಕೂತಿದ್ದರು.

ಈಗ ನಿನ್ನ ಓಟಿನ ಲೆಕ್ಕಕ್ಕೆ ಬರೋಣ. 1977ರಲ್ಲಿ ಬುದ್ಧಿ ಕಲಿಸಿದ್ದು ಉತ್ತರದವರು ಕಣೋ. ನಮ್ಮ ಕರ್ನಾಟಕದಲ್ಲಿ 28 ಲೋಕಸಭಾ ಸೀಟಿನಲ್ಲಿ 26 ಕಾಂಗ್ರೆಸ್ಸಿಗೇ ಹೋದವು. ಮಾರನೇ ವರ್ಷ, 1978ರ ನವೆಂಬರಿನಲ್ಲಿ, ನಿಮ್ಮ ಚಿಕ್ಕಮಗಳೂರಿನವರೇ ಇಂದಿರಾ ಗಾಂಧಿಯನ್ನು ವೀರೇಂದ್ರ ಪಾಟೀಲರ ಎದುರು 70 ಸಾವಿರಕ್ಕೂ ಜಾಸ್ತಿ ಓಟಿನಿಂದ ಗೆಲ್ಲಿಸಿ ಕಳಿಸಿದಿರಿ. ಓಟೇ ತೀರ್ಪು ಅನ್ನೋದಾದರೆ ನಮ್ಮ ರಾಜ್ಯದಲ್ಲಿ ತಪ್ಪೇ ನಡೆದಿಲ್ಲ ಅಂತ ಆಯಿತು, ಅಲ್ವಾ?

ನಿಮ್ಮ ಅಪ್ಪಯ್ಯನನ್ನು ನಾನು ದೂರುತ್ತಿಲ್ಲ. ಅವರಿಗೆ ಗೇಣಿ ಜಮೀನು ಕೈಗೆ ಬಂದದ್ದು ದೇವರಾಜ ಅರಸರ 1974ರ ಕಾಯ್ದೆಯಿಂದ. ಭೂಮಿ ಸಿಕ್ಕವನು ಋಣ ತೀರಿಸದೆ ಇರ್ತಾನಾ? ಒಂದೇ ಚೀಟಿ, ಒಂದೇ ಮುದ್ರೆ. ಅದರಲ್ಲಿ ಜಮೀನಿನ ಋಣವನ್ನೂ ತೀರಿಸಿ, ಮೇಷ್ಟ್ರ ಅಂಗಾಲಿನ ಲೆಕ್ಕವನ್ನೂ ಕೇಳು ಅಂದರೆ ಆಗೋ ಕೆಲಸ ಅಲ್ಲ.

ಹೋದ ತಿಂಗಳು ಬೆಂಗಳೂರಿಗೆ ಹೋಗಿದ್ದೆ, ಫ್ರೀಡಂ ಪಾರ್ಕಿಗೆ ಹೊಕ್ಕೆ. ಹಳೇ ಸೆಂಟ್ರಲ್ ಜೈಲು ಅದು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ 2008ರಲ್ಲಿ ಪಾರ್ಕು ಮಾಡಿದರು. ನಡುವೆ ಕಾವಲು ಗೋಪುರ ಹಾಗೇ ಇದೆ. ಹುಡುಗರು ಅದರ ಎದುರು ನಿಂತು ಸೆಲ್ಫಿ ತೆಗೆಯುತ್ತಿದ್ದರು. ಆಚೆ ಕಡೆ ಶಾಮಿಯಾನದ ಕೆಳಗೆ ಯಾರೋ ಗುತ್ತಿಗೆ ನೌಕರರು ಧರಣಿ ಕೂತಿದ್ದರು. ಈಗ ಬೆಂಗಳೂರಿನಲ್ಲಿ ಧರಣಿ ಕೂರಬೇಕಾದರೆ ಪೊಲೀಸರು ತೋರಿಸೋ ಜಾಗ ಅದೊಂದೇ, ಹಳೇ ಜೈಲು. ನಗು ಬಂತು, ನಿಜ ಹೇಳ್ತೀನಿ.

1975ರ ಜೂನ್ 26ರಂದು ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ನಾಲ್ವರೂ ಸಂಸತ್ತಿನ ಸಮಿತಿ ಸಭೆಗೆ ಅಂತ ಬೆಂಗಳೂರಿಗೆ ಬಂದಿದ್ದರು. ಇಲ್ಲೇ ಹಿಡಿದು ಇಲ್ಲೇ ಹಾಕಿದರು. ಅವರ ಕತೆ ಎಲ್ಲರೂ ಹೇಳ್ತಾರೆ, ಅವರು ಮುಂದೆ ದೊಡ್ಡವರಾದರು. ನಾನು ಹುಡುಕಿದ್ದು ಸ್ನೇಹಲತಾ ರೆಡ್ಡಿಯವರ ಕೋಣೆಯನ್ನು. 'ಸಂಸ್ಕಾರ' ಸಿನಿಮಾದ ಚಂದ್ರಿ, ನೆನಪಿದೆಯಲ್ಲ? ಆಗ ತಲೆಮರೆಸಿಕೊಂಡಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ಸ್ನೇಹಿತೆ ಅನ್ನೋದೇ ತಪ್ಪಾಯಿತು. 1976ರ ಮೇ ತಿಂಗಳಲ್ಲಿ ಹಿಡಿದರು. ಅದಕ್ಕೆ ಒಂದು ದಿನ ಮೊದಲು ಜಾರ್ಜ್ ಅವರ ತಮ್ಮ ಲಾರೆನ್ಸ್ ಅವರನ್ನೂ ಇದೇ ಊರಿನಲ್ಲಿ ಎತ್ತಿಕೊಂಡು ಹೋಗಿ, ಅಣ್ಣ ಎಲ್ಲಿ ಹೇಳು ಅಂತ ಲಾಠಿ ಮುರಿಯುವ ಹಾಗೆ ಹೊಡೆದಿದ್ದರು.

ಸ್ನೇಹಲತಾ ಅವರಿಗೆ ಆಸ್ತಮಾ ಇತ್ತು. ಜೋರಾಗಿಯೇ ಇತ್ತು. ಒಬ್ಬರೇ ಇದ್ದ ಪುಟ್ಟ ಕೋಣೆ. ರಾತ್ರಿಯ ನಿಶ್ಶಬ್ದದಲ್ಲಿ ಅವರ ಚೀರಾಟ ತಮಗೆ ಕೇಳಿಸುತ್ತಿತ್ತು ಅಂತ ಅದೇ ಜೈಲಿನಲ್ಲಿದ್ದ ಮಧು ದಂಡವತೆ ಬರೆದಿದ್ದಾರೆ. ಅಂಥ ಸ್ಥಿತಿಯಲ್ಲೂ ಉಳಿದ ಹೆಣ್ಣು ಕೈದಿಗಳಿಗೆ ಹೊಡೆಯಬೇಡಿ ಅಂತ ಜಗಳ ಆಡುತ್ತಿದ್ದರಂತೆ. ಸ್ಫೋಟಕ್ಕೆ ಸಂಚು ಮಾಡಿದರು ಅಂತ ಜಾರ್ಜ್ ಮತ್ತಿತರರ ಮೇಲೆ ಹಾಕಿದ್ದ ಬರೋಡಾ ಡೈನಮೈಟ್ ಕೇಸಿನಲ್ಲಿ ಹಿಡಿದಿದ್ದರಲ್ಲ, ಕೊನೆಗೆ ಚಾರ್ಜ್‌ಶೀಟಿನಲ್ಲಿ ಅವರ ಹೆಸರೇ ಇರಲಿಲ್ಲ. 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಬಿಟ್ಟರು. 18ಕ್ಕೆ ಚುನಾವಣೆ ಘೋಷಣೆ ಆಯಿತು. 20ಕ್ಕೆ ತೀರಿಕೊಂಡರು. ಓಟು ಹಾಕಿ ಬುದ್ಧಿ ಕಲಿಸೋಕೂ ಅವರಿಗೆ ಆಗಲಿಲ್ಲ ಸೀನ.

ಅವರಿಗೆ ಚಿಕಿತ್ಸೆ ಕೊಡಬೇಡಿ ಅಂತ ಯಾರು ಹೇಳಿದ್ದು? ಇಂಥವನ್ನು ಕೇಳೋಕೆ ಅಂತಲೇ ಇಂದಿರಾರನ್ನು ಸೋಲಿಸಿ ಬಂದ ಜನತಾ ಸರ್ಕಾರ 1977ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ.ಸಿ. ಶಾ ಅವರ ಆಯೋಗ ಮಾಡಿತು. ದೆಹಲಿಯ ಪಟಿಯಾಲ ಹೌಸಿನಲ್ಲಿ ವಿಚಾರಣೆ. 48 ಸಾವಿರ ದೂರು ಬಂದವು. ಆಯೋಗ ಒಂದೊಂದೇ ಎಳೆ ಬಿಡಿಸಿತು. ತುರ್ತುಪರಿಸ್ಥಿತಿಗೆ ರಾಷ್ಟ್ರಪತಿ ರಾತ್ರಿ ಸಹಿ ಹಾಕಿದ್ದು ಸಂಪುಟಕ್ಕೆ ಗೊತ್ತಾದದ್ದು ಬೆಳಗ್ಗೆ 6 ಗಂಟೆಗೆ. ಪೇಪರ್ ಅಚ್ಚಾಗಬಾರದು ಅಂತ ಪ್ರೆಸ್ಸುಗಳ ಕರೆಂಟು ಕಿತ್ತರು. ವಿಚಾರಣೆ ಇಲ್ಲದೆ ಒಳಗಿಡೋ ಕಾಯ್ದೆ ಮೀಸಾ ಮತ್ತು ಡಿಐಆರ್ ಎರಡೂ ಸೇರಿ ಹಿಡಿದವರು 1,10,806 ಜನ. ಬಲವಂತದ ಸಂತಾನಹರಣ ಆಪರೇಷನ್ ಲೆಕ್ಕವೂ ಇದೆ, ಅದರಿಂದ ಸತ್ತವರು 1,774 ಅಂತ. ಮೇಲಿನವರು ಬಾಯಿಮಾತಿನಲ್ಲಿ ಹೇಳಿದರು, ಕೆಳಗಿನವರು ಕಾಗದ ಇಲ್ಲದೆ ಮಾಡಿದರು, ಆಮೇಲೆ ಹಿಂದಿನ ತಾರೀಕು ಹಾಕಿ ಕಾಗದ ಹುಟ್ಟಿಸಿದರು. ಓದುತ್ತಾ ಹೋದರೆ ಪುಟಪುಟಕ್ಕೂ ಇದೇ. ಇಂದಿರಾ ಬಂದರು, ಪ್ರಮಾಣ ಮಾಡಿ ಸಾಕ್ಷಿ ಹೇಳೋದಿಲ್ಲ ಅಂದರು, ಹೋದರು. ಆಯೋಗಕ್ಕೆ ಶಿಕ್ಷೆ ಕೊಡುವ ಅಧಿಕಾರ ಇರಲಿಲ್ಲ. 1978ರ ಆಗಸ್ಟಿನೊಳಗೆ ಮೂರು ಭಾಗದ ವರದಿ ಕೊಟ್ಟು ಶಾ ಎದ್ದರು.

ಜನತಾದವರು ಏನು ಮಾಡಿದರು ಗೊತ್ತಾ? ಆಯೋಗ ಕೆಲಸ ಮಾಡುತ್ತಿರುವಾಗಲೇ 1977ರ ಅಕ್ಟೋಬರಿನಲ್ಲಿ ಇಂದಿರಾರನ್ನು ಅರೆಸ್ಟ್ ಮಾಡಿದರು. ಯಾವುದಕ್ಕೆ? ಚುನಾವಣೆಯ ಜೀಪಿನ ವಿಷಯಕ್ಕೆ! ಮಾರನೇ ದಿನವೇ ಮ್ಯಾಜಿಸ್ಟ್ರೇಟ್ ಬಿಟ್ಟು ಕಳಿಸಿದರು. 1978ರ ಡಿಸೆಂಬರಿನಲ್ಲಿ ನಿಮ್ಮ ಸಂಸದೆಯನ್ನು ಲೋಕಸಭೆಯಿಂದ ಹೊರಹಾಕಿ ಒಂದು ವಾರ ತಿಹಾರಿಗೆ ಕಳಿಸಿದರು. ಅದೂ ಮಗ ಸಂಜಯ್ ಗಾಂಧಿಯ ಮಾರುತಿ ಕಂಪನಿಯ ಮಾಹಿತಿ ಕೇಳಿದ ಅಧಿಕಾರಿಗಳಿಗೆ ತೊಂದರೆ ಕೊಟ್ಟರು ಅಂತ ಹಕ್ಕುಚ್ಯುತಿಗೆ. ಲಕ್ಷ ಜನರನ್ನು ಒಳಗೆ ಹಾಕಿದ್ದು ಎರಡರಲ್ಲೂ ಇಲ್ಲ! ತುರ್ತುಪರಿಸ್ಥಿತಿಯ ಅಪರಾಧಗಳನ್ನು ವಿಚಾರಿಸೋ ವಿಶೇಷ ನ್ಯಾಯಾಲಯದ ಕಾಯ್ದೆ ಬಂದದ್ದು 1979ರಲ್ಲಿ, ಸರ್ಕಾರವೇ ಅಲ್ಲಾಡುತ್ತಿದ್ದಾಗ. 1980ರಲ್ಲಿ ಇಂದಿರಾ ಗೆದ್ದು ಬಂದರು, ಆ ಕೋರ್ಟುಗಳು ಮುಚ್ಚಿದವು, ಶಾ ವರದಿಯ ಪ್ರತಿಗಳೂ ಮಾಯವಾದವು. ತಮಿಳುನಾಡಿನ ಮಾಜಿ ಸಂಸದ ಇರಾ ಸೆಳಿಯನ್ ತಮ್ಮ ಹತ್ತಿರ ಇದ್ದ ಪ್ರತಿಯನ್ನು 2010ರಲ್ಲಿ ಮತ್ತೆ ಅಚ್ಚು ಹಾಕಿಸಿದ ಮೇಲೆ ಅದು ನಮ್ಮಂಥವರ ಕೈಗೆ ಸಿಕ್ಕಿದ್ದು. ಅಷ್ಟರೊಳಗೆ, ಸಾರ್ವಜನಿಕ ಹುದ್ದೆಗೆ ಅನರ್ಹ ಅಂತ ಆಯೋಗ ಹೇಳಿದ್ದ, ತುರ್ತುಪರಿಸ್ಥಿತಿಯಲ್ಲಿ ದೆಹಲಿಯಲ್ಲಿ ಅಧಿಕಾರಿಯಾಗಿದ್ದ ನವೀನ್ ಚಾವ್ಲಾ ಅವರು 2009ರಲ್ಲಿ ಮುಖ್ಯ ಚುನಾವಣಾ ಆಯುಕ್ತರೂ ಆಗಿದ್ದರು. ಈಗ ಕೇಂದ್ರ ಸರ್ಕಾರ ಪ್ರತಿ ಜೂನ್ 25ಕ್ಕೆ 'ಸಂವಿಧಾನ ಹತ್ಯಾ ದಿನ' ಅಂತ ಮಾಡುತ್ತದೆ. ಮಾಡಲಿ. ಅವತ್ತೇ ಶಾ ವರದಿಯನ್ನು ಕನ್ನಡಕ್ಕೆ ತಂದು ಊರೂರ ಲೈಬ್ರರಿಗೆ ಹಂಚಬಹುದಿತ್ತು, ಅದನ್ನು ಮಾತ್ರ ಯಾವ ಪಕ್ಷದವರೂ ಹೇಳೋದಿಲ್ಲ.

ವರದಿ ಕಾಗದದ ಕಟ್ಟು, ಅದರಿಂದೇನು ಅಂತೀಯ. ಅರ್ಜೆಂಟೀನಾ ನೋಡು. ಅಲ್ಲಿನದು ನಮ್ಮದಕ್ಕಿಂತ ಎಷ್ಟೋ ಪಾಲು ಘೋರ, ಹೋಲಿಸೋದು ಸರಿಯಲ್ಲ ಅಂತ ನೀನು ಹೇಳೋಕೆ ಮೊದಲೇ ಒಪ್ಪಿಕೊಳ್ಳುತ್ತೇನೆ. 1976ರಿಂದ 83ರವರೆಗೆ ಮಿಲಿಟರಿಯವರು ಜನರನ್ನು ಎತ್ತಿಕೊಂಡು ಹೋಗಿ ಇಲ್ಲವಾಗಿಸಿದರು. ಮಿಲಿಟರಿ ಆಡಳಿತ ಮುಗಿದ ತಕ್ಷಣ ಒಂದು ಆಯೋಗ ಕೂತು 8,961 ಜನ ಕಾಣೆಯಾದದ್ದನ್ನು ದಾಖಲೆ ಮಾಡಿತು. ಆ ವರದಿ ಪುಸ್ತಕವಾಗಿ ಅಂಗಡಿಗೆ ಬಂತು, ಜನ ದುಡ್ಡು ಕೊಟ್ಟು ಕೊಂಡು ಓದಿದರು. 1985ರಲ್ಲಿ ಆ ಆಡಳಿತ ನಡೆಸಿದ ಸೇನಾಧಿಕಾರಿಗಳಾದ ವಿಡೇಲಾ, ಮಸ್ಸೇರಾ ಇಬ್ಬರಿಗೂ ಜೀವಾವಧಿ ಆಯಿತು. ಆಮೇಲೆ ಸೈನ್ಯ ಕಣ್ಣು ಕೆಂಪಗೆ ಮಾಡಿತು, ಸರ್ಕಾರ ಹೆದರಿತು. 1987ರಲ್ಲಿ ಒಂದು ಕಾನೂನು ಬಂತು ನೋಡು, ಮೇಲಿನವರು ಹೇಳಿದ್ದನ್ನು ಮಾಡಿದ ಕೆಳಗಿನ ಅಧಿಕಾರಿಗಳ ಮೇಲೆ ಕೇಸು ಇಲ್ಲ ಅಂತ. ಮೊದಲ ಸಲ ಇದನ್ನು ಓದಿದಾಗ ಆ ಮದುವೆ ಮನೆಯ ಚೊಂಬು ಕಣ್ಣೆದುರು ಬಂತು ನನಗೆ. ನಮ್ಮಲ್ಲಿ ಕೈ ತೊಳೆಯೋ ಜಾಗದಲ್ಲಿ ಪಿಸುಗುಟ್ಟಿದ್ದನ್ನು ಅವರು ಕಾಯ್ದೆಯನ್ನೇ ಮಾಡಿಬಿಟ್ಟಿದ್ದರು! ಮುಂದೆ ದೊಡ್ಡವರಿಗೂ ಕ್ಷಮಾದಾನ ಸಿಕ್ಕಿತು.

ಆದರೆ ಪುಸ್ತಕ ಅಂಗಡಿಯಲ್ಲೇ ಇತ್ತು. ಕಾಣೆಯಾದವರ ತಾಯಂದಿರು, ಅಜ್ಜಿಯರು ಬಿಳಿ ವಸ್ತ್ರ ತಲೆಗೆ ಕಟ್ಟಿಕೊಂಡು ಚೌಕಕ್ಕೆ ಬರೋದನ್ನು ಬಿಡಲಿಲ್ಲ. ಜೈಲಿನಲ್ಲಿ ಹುಟ್ಟಿ ಯಾರ್ಯಾರದೋ ಮನೆ ಸೇರಿದ್ದ ಮೊಮ್ಮಕ್ಕಳನ್ನು ಹುಡುಕೋಕೆ ಆ ಅಜ್ಜಿಯರು ವಿಜ್ಞಾನಿಗಳ ಬೆನ್ನು ಬಿದ್ದು, ಅಪ್ಪ ಅಮ್ಮ ಇಬ್ಬರೂ ಇಲ್ಲದಿದ್ದರೂ ಅಜ್ಜಿಯ ರಕ್ತದಿಂದಲೇ ಮೊಮ್ಮಗುವನ್ನು ಗುರುತಿಸುವ ದಾರಿ ಕಂಡುಕೊಳ್ಳುವ ಹಾಗೆ ಮಾಡಿದರು. ಇವತ್ತಿಗೆ 130ಕ್ಕೂ ಹೆಚ್ಚು ಜನ ಸಿಕ್ಕಿದ್ದಾರೆ. 2003ರಲ್ಲಿ ಸಂಸತ್ತು ಆ ಕಾನೂನುಗಳನ್ನು ರದ್ದು ಮಾಡಿತು, 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಅವು ಸಂವಿಧಾನಕ್ಕೆ ವಿರುದ್ಧ ಅಂದಿತು. ಕೇಸುಗಳು ಮತ್ತೆ ನಡೆದವು, ವಿಡೇಲಾ 2013ರಲ್ಲಿ ಜೈಲಿನಲ್ಲೇ ಸತ್ತ. ದಾಖಲೆ ಇದ್ದದ್ದರಿಂದ ಇಷ್ಟು ವರ್ಷ ಆದ ಮೇಲೂ ಕೇಳೋಕೆ ಆಯಿತು. ನಮ್ಮ ದಾಖಲೆಯೇ ಮಾಯವಾಗಿತ್ತು.

ನಮ್ಮಲ್ಲಿ ಏನೂ ಆಗಲಿಲ್ಲ ಅಂತ ಹೇಳಿದರೆ ಅದೂ ಸುಳ್ಳಾಗುತ್ತದೆ. 44ನೇ ತಿದ್ದುಪಡಿ ಬಂತು. ಈಗ 'ಆಂತರಿಕ ಗಲಭೆ' ಅಂತ ಸುಮ್ನೆ ತುರ್ತುಪರಿಸ್ಥಿತಿ ಹೇರೋಕೆ ಆಗೋದಿಲ್ಲ, ಸಂಪುಟ ಬರೆದು ಕೊಡಬೇಕು, ಜೀವದ ಹಕ್ಕನ್ನು ಅಮಾನತು ಮಾಡುವ ಹಾಗಿಲ್ಲ. ಜನತಾದವರು ಮಾಡಿದ ಒಳ್ಳೇ ಕೆಲಸ ಇದು, ಜೀಪಿನ ಕೇಸಿಗಿಂತ ಸಾವಿರ ಪಾಲು ವಾಸಿ.

ಇನ್ನೊಂದು, ನಿನಗೆ ಇಷ್ಟ ಆಗೋದು. ಆಗ ಒಂಬತ್ತು ಹೈಕೋರ್ಟುಗಳು ಬಂದಿಗಳ ಅರ್ಜಿ ಕೇಳ್ತೀವಿ ಅಂದಿದ್ದವು, ನಮ್ಮದೂ ಅದರಲ್ಲಿತ್ತು. ಅರ್ಜಿ ಕೇಳಿದ ನಮ್ಮ ನ್ಯಾಯಮೂರ್ತಿ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ ಎತ್ತಂಗಡಿ, ಎಂ. ಸದಾನಂದಸ್ವಾಮಿ ಗುವಾಹಟಿಗೆ. 1976ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ತುರ್ತುಪರಿಸ್ಥಿತಿಯಲ್ಲಿ ಬಂದಿಗಳು ಕೋರ್ಟಿಗೆ ಬರೋ ಹಾಗಿಲ್ಲ ಅಂತ, ಎಲ್ಲವನ್ನೂ ತಿರುಗಿಸಿ ಹಾಕಿತು, ನಾಲ್ವರು ಒಂದು ಕಡೆ, ಎಚ್.ಆರ್. ಖನ್ನಾ ಒಬ್ಬರೇ ಇನ್ನೊಂದು ಕಡೆ. ಅದಕ್ಕಾಗಿ ಖನ್ನಾ ಅವರಿಗೆ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿತು. ಆ ನಾಲ್ವರಲ್ಲಿ ಒಬ್ಬರಾದ ಪಿ.ಎನ್. ಭಗವತಿ 2011ರಲ್ಲಿ ತಪ್ಪಾಯಿತು ಅಂತ ಕ್ಷಮೆ ಕೇಳಿದರು. ತೀರ್ಪು ಪೂರ್ತಿ ಬಿದ್ದುಹೋದದ್ದು 2017ರಲ್ಲಿ, ಆಧಾರ್ ವಿರುದ್ಧ ಕೋರ್ಟಿಗೆ ಹೋಗಿದ್ದ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸಿನಲ್ಲಿ. ನಾಲ್ವರಲ್ಲಿ ಇನ್ನೊಬ್ಬರಾಗಿದ್ದ ವೈ.ವಿ. ಚಂದ್ರಚೂಡರ ಮಗನೇ ಅಪ್ಪನ ತೀರ್ಪು ತಪ್ಪು ಅಂತ ಬರೆದರು. 41 ವರ್ಷ ಹಿಡಿಯಿತು. ಅಷ್ಟರಲ್ಲಿ ಮಾವ ಹಾಸಿಗೆ ಹಿಡಿದಿದ್ದರು. ಪೇಪರ್ ಓದಿ ಹೇಳಿದೆ. "ಒಳ್ಳೇದಾಯ್ತು" ಅಂದರು. ಆಮೇಲೆ, "ಅವನು ಇದಾನೇನೋ ಇನ್ನೂ?" ಅಂತ ಕೇಳಿದರು. ಯಾರು ಅಂತ ನಾನು ಕೇಳಲಿಲ್ಲ.

ಶಾ ವರದಿಯ ಮೂರೂ ಭಾಗ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡ್ ಮಾಡಿಸಿದ್ದೇನೆ. ಮಾವನ ಊರಿನ ಹೆಸರು ಅದರಲ್ಲಿ ಎಲ್ಲಾದರೂ ಇದೆಯಾ ಅಂತ ಎರಡು ರಾತ್ರಿ ಹುಡುಕಿದೆ, ಸಿಗಲಿಲ್ಲ. ನಿನ್ನ ಕಣ್ಣಿಗೇನಾದರೂ ಬಿದ್ದರೆ ಗುರುತು ಹಾಕಿಡು. ಶನಿವಾರ ರಾತ್ರಿ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತೇನೆ, ಬೆಳಗ್ಗೆ ಡ್ರೈವರ್ ಹತ್ತಿರ ಇಸ್ಕೋ. ಅಪ್ಪಯ್ಯನಿಗೂ ಒಂಚೂರು ಓದಿ ಹೇಳು, ಆಗ ನಿಮ್ಮ ಊರಿನಲ್ಲಿ ಯಾರನ್ನಾದರೂ ಹಿಡಿದುಕೊಂಡು ಹೋಗಿದ್ದರಾ ಅಂತ ಕೇಳು. ಅವರಿಗೆ ಹೆಸರು ನೆನಪಿದ್ದರೆ ಬರೆದಿಟ್ಟುಕೋ, ನಾನು ಬಂದಾಗ ಬೇಕು. ಹಾಂ, ಮಿಡಿ ಉಪ್ಪಿನಕಾಯಿ ಭರಣಿ ಇನ್ನೂ ನನ್ನ ಹತ್ತಿರವೇ ಇದೆ, ಅದನ್ನೂ ಅದೇ ಚೀಲದಲ್ಲಿ ಹಾಕಿರುತ್ತೇನೆ, ಖಾಲಿ ಅಂತ ಬೈಯಬೇಡ.

ನಿನ್ನ
ರಾಜು