ಹಿಪ್ನಾಸಿಸ್‌ನಲ್ಲಿ ಮೆದುಳು ಮಲಗಿರುವುದಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹಿಪ್ನಾಸಿಸ್ (ಸಮ್ಮೋಹನ) ಬಗ್ಗೆ ಬಂದ ಲೇಖನ ಓದಿದೆ. ಮೆದುಳು ನಿದ್ದೆಗೆ ಜಾರುತ್ತದೆ, ಆಮೇಲೆ ಹೇಳಿದ್ದನ್ನೆಲ್ಲ ಕೇಳುತ್ತದೆ ಎಂದು ಅದರಲ್ಲಿದೆ. ಇದು ತಪ್ಪು. ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ದಾಖಲೆ, ತೆಗೆಯುವುದೇ ನನ್ನ ಕೆಲಸ, ಹಾಗಾಗಿ ಸುಮ್ನೆ ಇರಲು ಮನಸ್ಸಾಗಲಿಲ್ಲ.

ಯಾರಿಗಾದರೂ ನಿದ್ದೆ ಬಂದರೆ ಪರದೆ ನೋಡಿದರೇ ಗೊತ್ತಾಗುತ್ತದೆ. ಎಚ್ಚರವಿದ್ದು ಕಣ್ಣು ಮುಚ್ಚಿಕೊಂಡರೆ ತಲೆಯ ಹಿಂಭಾಗದಲ್ಲಿ ಆಲ್ಫಾ ಅಲೆಗಳು ಕಾಣುತ್ತವೆ, ಸೆಕೆಂಡಿಗೆ 8ರಿಂದ 13. ತೂಕಡಿಕೆ ಶುರುವಾದರೆ ಅವು ಚದುರಿಹೋಗುತ್ತವೆ. ಇನ್ನೊಂದಿಷ್ಟು ಹೊತ್ತಿಗೆ ಸ್ಪಿಂಡಲ್ ಎನ್ನುವ ಅಲೆಗಳ ಪುಟ್ಟ ಪುಟ್ಟ ಗೊಂಚಲುಗಳು ಬರುತ್ತವೆ, ಅವು ನಿದ್ದೆಯ ಗುರುತು. ವೈದ್ಯರೊಬ್ಬರು ಒಬ್ಬ ಮಹಿಳೆಗೆ ಹಿಪ್ನಾಸಿಸ್ ಮಾಡುವಾಗ ರೆಕಾರ್ಡಿಂಗ್ ನೋಡಿಕೊಂಡವಳು ನಾನೇ. ಆಕೆಯ ಕೈ ಸಡಿಲವಾಗಿತ್ತು, ದವಡೆಯ ಬಿಗಿತ ಹೋಗಿತ್ತು. ಯಾರು ನೋಡಿದರೂ ಮಲಗಿದ್ದಾರೆ ಅನ್ನಬೇಕು. ಪರದೆಯಲ್ಲಿ ಮಾತ್ರ ಆಲ್ಫಾ ಓಡುತ್ತಲೇ ಇತ್ತು, ಸ್ಪಿಂಡಲ್ ಒಂದೂ ಬರಲಿಲ್ಲ.

ಹಾಗಾದರೆ ಎಲ್ಲ ನಾಟಕವಾ? ಅದೂ ಅಲ್ಲ. 1997ರಲ್ಲಿ ಸಂಶೋಧಕ ಪಿಯರ್ ರೇನ್‌ವಿಲ್ ಮತ್ತು ಜೊತೆಗಾರರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ನೋವಾಗುವಷ್ಟು ಬಿಸಿ ನೀರಿನಲ್ಲಿ ಕೈ ಇಡಿಸಿ, ಈ ನೋವಿನಿಂದ ಅಷ್ಟೇನೂ ಹಿಂಸೆಯಾಗುತ್ತಿಲ್ಲ ಎಂದು ಒಮ್ಮೆ, ತುಂಬಾ ಹಿಂಸೆಯಾಗುತ್ತಿದೆ ಎಂದು ಇನ್ನೊಮ್ಮೆ ಹಿಪ್ನಾಸಿಸ್‌ನಲ್ಲಿ ಸೂಚಿಸಿದರು. ನೀರಿನ ಬಿಸಿ ಬದಲಾಗಲಿಲ್ಲ. ಸ್ಪರ್ಶವನ್ನು ಗುರುತಿಸುವ ಮೆದುಳಿನ ಭಾಗವೂ ಹೆಚ್ಚುಕಡಿಮೆ ಹಾಗೇ ಇತ್ತು. ಬದಲಾಗಿದ್ದು, ನೋವಿನ ಹಿಂಸೆಗೆ ಸಂಬಂಧಿಸಿದ ಆಂಟೀರಿಯರ್ ಸಿಂಗ್ಯುಲೇಟ್ ಎನ್ನುವ ಭಾಗದ ಚಟುವಟಿಕೆ. ಅಂದರೆ ನೋವು ಎಷ್ಟಿದೆ ಅನ್ನುವುದು ಒಂದು, ಅದು ನಮ್ಮನ್ನು ಎಷ್ಟು ಕಾಡುತ್ತದೆ ಅನ್ನುವುದು ಇನ್ನೊಂದು. ನನಗೆ ಇದು ಇವತ್ತಿಗೂ ಬೆರಗು. 2016ರಲ್ಲಿ ಸ್ಟ್ಯಾನ್‌ಫರ್ಡ್‌ನ ಡೇವಿಡ್ ಸ್ಪೀಗೆಲ್ ತಂಡ 57 ಜನರ ಮೆದುಳನ್ನು ಸ್ಕ್ಯಾನ್ ಮಾಡಿತು. ಹಿಪ್ನಾಸಿಸ್‌ಗೆ ಬೇಗ ಒಳಗಾಗುವವರಲ್ಲಿ ಇದೇ ಸಿಂಗ್ಯುಲೇಟ್‌ನ ಒಂದು ಭಾಗದ ಚಟುವಟಿಕೆ ಕಡಿಮೆಯಾಗಿದ್ದು ಕಂಡಿತು. ಒಳಗಾಗದವರಲ್ಲಿ ಈ ಬದಲಾವಣೆ ಕಾಣಲಿಲ್ಲ. ಎಲ್ಲರಿಗೂ ಒಂದೇ ತರ ಆಗಲ್ಲ, ಇದನ್ನೂ ಲೇಖನ ಬಿಟ್ಟಿದೆ.

ಹಿಪ್ನಾಸಿಸ್‌ನಲ್ಲಿ ಮರೆತದ್ದೆಲ್ಲ ನೆನಪಿಗೆ ಬರುತ್ತದೆ ಎಂಬ ಲೇಖನದ ಮಾತಂತೂ ಅಪಾಯಕಾರಿ. ಹಿಪ್ನಾಸಿಸ್‌ನಲ್ಲಿ ಹೇಳಿದ ನೆನಪು ಸುಳ್ಳೂ ಆಗಿರಬಹುದು. ಹೇಳುವವರ ನಂಬಿಕೆ ಮಾತ್ರ ಜಾಸ್ತಿ ಆಗಿರುತ್ತದೆ.

ಆ ಮಹಿಳೆ ರೆಕಾರ್ಡಿಂಗ್‌ಗೆ ಮೊದಲು ನನ್ನ ಕೈ ಹಿಡಿದು, ‘ಎಚ್ಚರ ಆಗದೇ ಹೋದರೆ ಏನು ಗತಿ?’ ಎಂದು ಕೇಳಿದ್ದರು. ಇಂಥ ಲೇಖನ ಓದಿದರೆ ಹೆದರಿಕೆ ಬರದೆ ಇರುತ್ತದಾ? ದಯವಿಟ್ಟು ತಿದ್ದುಪಡಿ ಹಾಕಿ. ಮುಂದಿನ ಸಲ ಜೋತಾಡುವ ಗಡಿಯಾರದ ಚಿತ್ರ ಬಿಟ್ಟು, ನೋವಿಗೆ ಚಿಕಿತ್ಸೆ ಕೊಡುವ ವೈದ್ಯರೊಬ್ಬರನ್ನು ಮಾತಾಡಿಸಿ.

ಇತಿ,
ಒಬ್ಬ ಇಇಜಿ ಟೆಕ್ನಿಷಿಯನ್