ಎಚ್‌ಡಿವಿ ಟೇಪುಗಳ ವರ್ಗಾವಣೆ: ಯುಗಾದಿಯಿಂದ ಹೊಸ ವಿಧಾನ

ಮಾನ್ಯ ಗ್ರಾಹಕರೇ,

ಮದುವೆ, ಜವಳ, ಜಾತ್ರೆಗಳ ಹಳೆಯ ಎಚ್‌ಡಿವಿ (ಹೈ-ಡೆಫಿನಿಷನ್ ವಿಡಿಯೊ) ಟೇಪುಗಳನ್ನು ಫೈಲಿಗೆ ಇಳಿಸಿಕೊಡುವ ನಮ್ಮ ಕಲಬುರಗಿಯ ಸ್ಟುಡಿಯೊದಲ್ಲಿ ಬರುವ ಯುಗಾದಿಯಿಂದ ಡಿಇಂಟರ್‌ಲೇಸಿಂಗ್ (ಅರ್ಧರ್ಧ ಗೆರೆಗಳಾಗಿ ದಾಖಲಾದ ಚಿತ್ರವನ್ನು ಇಡಿಯಾಗಿಸುವ) ವಿಧಾನವನ್ನು ಬದಲಾಯಿಸುತ್ತಿದ್ದೇವೆ. ದರ ಮೊದಲಿನಷ್ಟೇ ಇರುತ್ತದೆ; ಫೈಲಿನ ಗಾತ್ರವೂ ಕೆಲಸಕ್ಕೆ ಹಿಡಿಯುವ ಸಮಯವೂ ಹೆಚ್ಚುವುದರಿಂದ ಕಾರಣವನ್ನು ತಿಳಿಸಲು ಈ ಪತ್ರ.

ಈ ಟೇಪುಗಳಲ್ಲಿ 1080 ಗೆರೆಗಳ ಚಿತ್ರ ಒಂದೇ ಸಲಕ್ಕೆ ದಾಖಲಾಗಿಲ್ಲ. ಒಮ್ಮೆ ಬೆಸ ಗೆರೆಗಳು, ಮತ್ತೊಮ್ಮೆ ಸಮ ಗೆರೆಗಳು ಎಂಬಂತೆ 540 ಗೆರೆಗಳ ಫೀಲ್ಡ್‌ಗಳು ಸೆಕೆಂಡಿಗೆ 50ರಂತೆ ದಾಖಲಾಗಿವೆ. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಅವನ್ನು ಹಾಗೆಯೇ ತೋರಿಸುತ್ತಿತ್ತು. ಇಂದಿನ ಎಲ್‌ಇಡಿ ಟಿವಿಗೂ ಮೊಬೈಲಿಗೂ ಇಡೀ ಚಿತ್ರವೇ ಬೇಕು.

ಇದುವರೆಗೆ ಪ್ರತಿ ಜೋಡಿಯಲ್ಲಿ ಒಂದು ಫೀಲ್ಡನ್ನು ಕೈಬಿಟ್ಟು, ಉಳಿದ 540 ಗೆರೆಗಳನ್ನೇ ಹಿಗ್ಗಿಸಿ ಸೆಕೆಂಡಿಗೆ 25 ಫ್ರೇಮುಗಳ (ಇಡೀ ಚಿತ್ರಗಳ) ಫೈಲು ಕೊಡುತ್ತಿದ್ದೆವು. 576 ಗೆರೆಗಳ ಡಿವಿಡಿಯಲ್ಲಿ ನೋಡುವವರಿಗೆ ಅದು ಸಾಕಾಗುತ್ತಿತ್ತು, ಆದರೆ ದೊಡ್ಡ ಪರದೆಯಲ್ಲಿ ಇಳಕಲ್ ಸೀರೆಯ ದಡಿಯ ಸಣ್ಣ ನೇಯ್ಗೆ ಕಲೆಸಿಹೋಗುತ್ತದೆ, ತೇರಿನ ಮಿಣಿಯಂತಹ ಓರೆ ಗೆರೆ ಮುರಿದು ಮುರಿದು ಕಾಣುತ್ತದೆ. ಎರಡೂ ಫೀಲ್ಡ್‌ಗಳನ್ನು ಸುಮ್ಮನೆ ಹೆಣೆದರೆ ಅಲುಗಾಡದ ದೃಶ್ಯದಲ್ಲಿ ಪೂರ್ಣ ವಿವರ ಉಳಿಯುತ್ತದೆಯಾದರೂ, ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಸರಿದ ವಸ್ತುವಿನ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳುತ್ತದೆ. ಎರಡನ್ನೂ ಒಂದರ ಮೇಲೊಂದಿಟ್ಟು ಬೆರೆಸಿದರೆ ಅಕ್ಷತೆ ಎರಚುವ ಕೈ ಎರಡಾಗಿ ತೋರುತ್ತದೆ. ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ಕೆಟ್ಟದ್ದು.

ಹೊಸ ವಿಧಾನವು ಹಿಂದಿನ ಮತ್ತು ಮುಂದಿನ ಫೀಲ್ಡ್‌ಗಳನ್ನು ಹೋಲಿಸಿ, ಯಾವ ಭಾಗ ಎತ್ತ ಸರಿದಿದೆ ಎಂಬುದನ್ನು ಗುರುತಿಸಿ, ಕಾಣೆಯಾದ ಗೆರೆಗಳನ್ನು ಅಲ್ಲಿಂದಲೇ ತಂದು ತುಂಬುತ್ತದೆ. ಒಂದು ಫೀಲ್ಡೂ ವ್ಯರ್ಥವಾಗದೆ ಸೆಕೆಂಡಿಗೆ 50 ಪೂರ್ಣ ಫ್ರೇಮುಗಳು ಸಿಗುವುದರಿಂದ ಚಲನೆ ನಯವಾಗುತ್ತದೆ, ನಡೆದಾಡುವವರ ಮುಖವೂ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಫೋಟೊಗ್ರಾಫರ್ ಫ್ಲ್ಯಾಶ್ ಹೊಡೆದ ಕ್ಷಣದಲ್ಲಿ ಈ ಹೋಲಿಕೆ ದಾರಿ ತಪ್ಪುವುದುಂಟು (ಮದುವೆ ಮಂಟಪದಲ್ಲಿ ಅದಕ್ಕೇನು ಕೊರತೆ!), ಅಂತಹ ಕಡೆ ನಾವೇ ಕೂತು ತಿದ್ದುತ್ತೇವೆ.

ಟೇಪಿನಲ್ಲಿ ಇಲ್ಲದ್ದನ್ನು ಯಾವ ವಿಧಾನವೂ ತರಲಾರದು. ಎಚ್‌ಡಿವಿಯ ಅಡ್ಡಳತೆ 1440 ಪಿಕ್ಸೆಲ್ ಮಾತ್ರ. ಮೇಲಾಗಿ, ಗೆರೆಗಳು ಮಿನುಗದಿರಲೆಂದು ಕ್ಯಾಮೆರಾಗಳೇ ಮೇಲಿಂದ ಕೆಳಗಿನ ವಿವರವನ್ನು ಕೊಂಚ ಮೃದುಗೊಳಿಸುತ್ತಿದ್ದವು. ಆದ್ದರಿಂದ ಇದನ್ನು 4ಕೆ ಎಂದು ನಾವು ಕರೆಯುವುದಿಲ್ಲ.

ನಿಮ್ಮ ಟಿವಿಯಲ್ಲಿ ಹೊಸ ಫೈಲು ಓಡದಿದ್ದರೆ ತಿಳಿಸಿರಿ, 25 ಫ್ರೇಮುಗಳ ಪ್ರತಿಯನ್ನೂ ಕೊಡುತ್ತೇವೆ. ಮೂಲ ಟೇಪನ್ನು ಮಾತ್ರ ದಯವಿಟ್ಟು ಎಸೆಯಬೇಡಿರಿ.

ಇಂತಿ ತಮ್ಮ ವಿಶ್ವಾಸಿಗಳು,
ಸ್ಟುಡಿಯೊದ ಪರವಾಗಿ, ಕಲಬುರಗಿ